ಗೇಣು ಮೇಲಿಂದ ಬಿದ್ದ ಬನ್ನಿ

ಕಳೆದ ವಾರ ನಮ್ಮಕ್ಕ ಒಂದು ಪರೀಕ್ಷೆಯಲ್ಲಿ ಫೇಲಾದಳು. ಅದೂ ಗೋಕಾಕದ ತನ್ನ ಅಡುಗೆಮನೆಯಲ್ಲೇ ಕೂತು, ಸ್ವಂತ ಮಗಳ ಕೈಯಲ್ಲಿ!

ಮಗಳು ಸವಿತಾ ಸೈಕಾಲಜಿ ಎಂ.ಎ. ಓದುತ್ತಾಳೆ. ಮೂಡಲಗಿಯ ಸಂತೋಷನನ್ನು ಮದುವೆಯಾಗುವ ಆಸೆ. ಅವನು ಹುಕ್ಕೇರಿಯಲ್ಲಿ ಮಾಸ್ತರ. ಬೇರೆ ಜಾತಿ. (ಯಾವ ಜಾತಿ ಅಂತ ಕೇಳಿದಿರಾ? ಹಾಗಾದರೆ ನೀವೂ ಆ ಪರೀಕ್ಷೆಗೆ ಕೂಡಬೇಕು.)

ಅಕ್ಕ ಹೂಂ ಅಂದಿದ್ದಾಳೆ. "ನಾವು ಶರಣರ ಮಂದಿ. ನಮ್ಮೊಳಗ ಭೇದ ಎಲ್ಲಿಂದ ಬರತೈತಿ?" ಅಂದಿದ್ದಾಳೆ. ಆದರೂ ಸವಿತಾಳಿಗೆ ಅಳುಕು. ಬಾಯಿ ಹೂಂ ಅಂತು, ಮನಸ್ಸು? ಅಳಿಯನಾಗಿ ಬಂದವನು ಈ ಮನೆಯಲ್ಲಿ ದಿನಾ ಕುಗ್ಗುವಂತಾದರೆ?

ಅದಕ್ಕೇ ಲ್ಯಾಪ್‌ಟಾಪ್ ತಂದಳು. ಪರದೆಯ ಮೇಲೆ ಬೇರೆ ಬೇರೆ ಜಾತಿಯವರ ಹೆಸರು ಬರುತ್ತವೆ, ಒಳ್ಳೆಯ ಮಾತು, ಕೆಟ್ಟ ಮಾತು ಬರುತ್ತವೆ. ಯೋಚಿಸದೆ ಪಟಪಟ ಬಟನ್ ಒತ್ತಬೇಕು. ಯಾವ ಹೆಸರಿಗೆ ಒಳ್ಳೆಯ ಮಾತು ಜೋಡಿಸಲು ಬೆರಳು ತಡೆಯುತ್ತದೋ, ಅಲ್ಲಿ ನಿಮಗೇ ಗೊತ್ತಿಲ್ಲದ ಪೂರ್ವಗ್ರಹ ಇದೆ ಅಂತ ಅರ್ಥ.

ಅಕ್ಕ ಚಷ್ಮಾ ಏರಿಸಿ ಕೂತಳು. ನಡುವೆ ಕುಕ್ಕರ್ ಸೀಟಿ ಹೊಡೆಯಿತು. ರಿಸಲ್ಟ್: ಪೂರ್ವಗ್ರಹ ಜಾಸ್ತಿ.

"ಅಯ್ಯ ನನ್ನ ಶಿವನ! ಬ್ಯಾಳಿ ಹೊತ್ತತೈತೇನೋ ಅಂತ ಬೆರಳು ನಿಂತ್ರ, ಅದೂ ಭೇದ ಏನ?" ಅಕ್ಕ ಸಿಡಿದಳು. "ತಡಿ, ಇನ್ನೊಮ್ಮಿ ಮಾಡತೇನಿ."

ಚಹಾ ಕುಡಿದು ಮತ್ತೆ ಕೂತಳು. ಈ ಸಲ: ಪೂರ್ವಗ್ರಹ ಇಲ್ಲ.

ಒಂದು ಕಪ್ ಚಹಾದಲ್ಲಿ ಇಷ್ಟು ತಲೆಮಾರಿನ ಜಾತಿ ಕರಗಿತೇ? ಹಾಗಿದ್ದರೆ ಊರಿಗೆಲ್ಲ ಚಹಾ ಕುಡಿಸಿಬಿಡೋಣ! ನನ್ನ ಜೋಕಿಗೆ ಸವಿತಾ ನಗಲಿಲ್ಲ. "ಯಾವದನ್ನ ನಂಬಲಿ ಮಾಮಾ?" ಅಂದಳು. ಪಾಪ, ಕಣ್ಣು ತುಂಬಿದ್ದವು.

ನನಗೆ ಮಮದಾಪುರದ ಆಯಿ ನೆನಪಾದಳು. ನಮ್ಮಪ್ಪನ ಅವ್ವ. ದಸರೆಯ ಸಂಜೆ ಊರಿಗೆ ಊರೇ ಮನೆಮನೆಗೆ ಹೋಗಿ ಬಂಗಾರವೆಂದು ಬನ್ನಿ ಎಲೆ ಹಂಚುತ್ತಿತ್ತು. ಹೊಸ ಅಂಗಿಯ ಗಂಜಿ ವಾಸನೆ, ಅಕ್ಕನ ಜಡೆಯಲ್ಲಿ ಚೆಂಡುಹೂ, ನನ್ನ ಕಿಸೆ ತುಂಬ ಬನ್ನಿ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತಿತ್ತು. ಎಂಥ ಸಂಜೆಗಳವು! ಈಗಲೂ ಬೇಕೆನಿಸುತ್ತವೆ.

ಆಯಿ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಬನ್ನಿ ಕೊಡುತ್ತಿದ್ದಳು. ಯಾರಿಗೂ ಬಿರುಸು ಮಾತು ಆಡಿದವಳಲ್ಲ. ಆದರೆ ನಮ್ಮ ಅಂಗೈಗೆ ಒತ್ತಿ ಕೊಡುತ್ತಿದ್ದ ಬನ್ನಿಯನ್ನು, ಊರ ಹೊರಗಿನ ಕೇರಿಯಿಂದ ಬಂದ ಯಲ್ಲವ್ವನ ಸೆರಗಿಗೆ ಗೇಣು ಮೇಲಿಂದ ಬಿಡುತ್ತಿದ್ದಳು. "ಬಂಗಾರದಂಗ ಇರು ನನ್ನವ್ವ" ಅಂತ ಹರಸುತ್ತಲೇ ಬಿಡುತ್ತಿದ್ದಳು, ಅದೂ ಮನಸಾರೆ! ನಡುವಿನ ಆ ಗೇಣು ಜಾಗ ಆಯಿಗೆ ಕಂಡೇ ಇರಲಿಲ್ಲ. ಯಲ್ಲವ್ವನಿಗೆ ಕಾಣದೆ ಇದ್ದೀತೇ?

ಮೊನ್ನೆ ದಸರೆಗೆ ಸಂತೋಷ ಅಕ್ಕನ ಮನೆಗೆ ಬಂದ. ಯಲ್ಲವ್ವನ ಜಾತಿಯವನೇ. (ಹೇಳಿಬಿಟ್ಟೆ. ಸಮಾಧಾನವೇ?) ಅಕ್ಕನ ಕಾಲಿಗೆ ನಮಸ್ಕರಿಸಿ, "ಬನ್ನಿ ತಗೋರಿ, ಬಂಗಾರದಂಗ ಇರೋಣ್ರಿ" ಅಂತ ಎಲೆ ಕೊಟ್ಟ. ತಿರುಗಿ ಕೊಡಲು ಅಕ್ಕ ಕೈ ಚಾಚಿದಳು. ಆ ಕೈ ಅವನ ಅಂಗೈಗಿಂತ ಗೇಣು ಮೇಲೆ ನಿಂತೇಬಿಟ್ಟಿತು. ಥೇಟ್ ಆಯಿಯ ಕೈ! ಸಂತೋಷ ರೂಢಿ ಇದ್ದವನ ಹಾಗೆ ಬೊಗಸೆ ಒಡ್ಡಿದ.



ಅಕ್ಕ ಆ ಬೊಗಸೆ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಮುಖ ಸಣ್ಣದಾಯಿತು. ಎಡಗೈಯಿಂದ ಅವನ ಬೊಗಸೆ ಹಿಡಿದು, ಬಲಗೈಯಿಂದ ಬನ್ನಿ ಒತ್ತಿದಳು. ಹಿಡಿದ ಕೈ ಬಿಡಲೇ ಇಲ್ಲ.

"ತಡಾ ಆತಪಾ," ಅಂದಳು. "ಈ ಕೈ ನಮ್ಮ ಆಯಿ ಕಲಿಸಿದ್ದು."

ಸವಿತಾ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ನಾನೀಗ ಅವಳ ಲ್ಯಾಪ್‌ಟಾಪನ್ನೇ ಕೇಳಬೇಕೆಂದಿದ್ದೇನೆ: ತಡೆದ ಕೈಗೆ ಮಾರ್ಕ್ಸ್ ಕಳೆಯುತ್ತೀಯಲ್ಲ, ಹಿಡಿದ ಕೈಗೆ ಎಷ್ಟು ಕೊಡುತ್ತೀ?