ಹಂಡೆಯ ಮೇಲಿನ ನಾಲ್ಕು ಹಲಗೆ

ಚೆಲುವಯ್ಯನಿಗೆ ಸಾಕಾಗಿಹೋಗಿತ್ತು. ಅಕ್ವೇರಿಯಮ್ಮಿನ ಮೇಲೆ ಕೂರಬೇಕಾದ ಮರದ ಮುಚ್ಚಳ ಎರಡನೇ ಸಲವೂ ವಾಪಸು ಬಂದು ಅವನ ಜಗುಲಿಯ ಮೇಲೆ ಕೂತಿತ್ತು. ಕೆಂಪು ಬಣ್ಣದ ಮೇಲೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಕಲೆ. ಒಳಗಡೆ ಪ್ಲೈವುಡ್ಡಿನ ಅಂಚು ನೀರು ಕುಡಿದು ಉಬ್ಬಿ ಪದರ ಬಿಟ್ಟಿತ್ತು.

ರಾಮನಗರದಲ್ಲಿ ಮೀನಿನಂಗಡಿ ಇಟ್ಟಿರುವ ಪ್ರಕಾಶ್ ಅದನ್ನು ತಾನೇ ಆಟೋದಲ್ಲಿ ತಂದು ಇಳಿಸಿದ್ದ.

"ಚೆಲುವಣ್ಣ, ಬಿಡದಿ ಹೋಟ್ಲಿನೋರು ನನ್ ಮಾನ ತೆಗೆದ್ಬುಟ್ರು ಕಣಣ್ಣ. ಇನ್ನೊಂದ್ಸಲ ಹಿಂಗಾದ್ರೆ ಬ್ಯಾಡ ಬುಡು. ವೆಲ್ಡಿಂಗ್‌ನೋರ ತಾವ ಕಬ್ಬಿಣದ್ದೇ ಮಾಡಿಸ್ಕತೀನಿ."

ಅಷ್ಟು ಹೇಳಿ ಆಟೋ ಹತ್ತಿದ. ತಪ್ಪೇನು ಅವನದು? ಅವನೂ ಹೊಟ್ಟೆಪಾಡಿನವನೇ. ಚೆಲುವಯ್ಯ ಮುಚ್ಚಳವನ್ನು ಮಗುಚಿ ಉಬ್ಬಿದ ಅಂಚನ್ನು ಮುಟ್ಟಿ ನೋಡಿದ. ನಲವತ್ತು ವರ್ಷ ಚನ್ನಪಟ್ಟಣದ ಕಾರ್ಖಾನೆಯಲ್ಲಿ ಬೊಂಬೆ ಕಡೆದವನು ಅವನು. ಕಾರ್ಖಾನೆ ಬಾಗಿಲು ಹಾಕಿ ಎರಡು ವರ್ಷವಾಗಿತ್ತು, ಬಲಗೈ ಭುಜವೂ ಮುಷ್ಕರ ಹೂಡಿತ್ತು. ಕೆಂಗಲ್ ಹತ್ತಿರದ ಊರಿನಲ್ಲಿ, ಮನೆ ಮುಂದಿನ ಚಪ್ಪರದಡಿ ಕೂತು ಅಕ್ವೇರಿಯಮ್ಮಿಗೆ ಕೆಳಗಿನ ಬೀರು, ಮೇಲಿನ ಮುಚ್ಚಳ ಮಾಡುವುದೊಂದೇ ಈಗ ಉಳಿದ ಕೆಲಸ. ಅದೂ ಹೋದರೆ ಈ ಕೈಯನ್ನು ಕೇಳುವವರೇ ಇಲ್ಲ.

ಅವನಿಗೊಂದು ಆಸೆಯಿತ್ತು. ನಗಬೇಡಿ, ಅರವತ್ತೆರಡರಲ್ಲೂ ಮನುಷ್ಯನಿಗೆ ಆಸೆ ಇರುತ್ತದೆ. ಆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಕೂತ ಯಾರಾದರೂ ಮೀನು ನೋಡುವಾಗ ಮುಚ್ಚಳದ ಹೊಳಪನ್ನೂ ನೋಡಿ, "ಯಾರ ಕೈ ಕೆಲಸ ಇದು?" ಎಂದು ಒಂದೇ ಒಂದು ಸಲ ಕೇಳಲಿ ಎಂದು. ಕಡೆದ ಬೊಂಬೆಯ ಮೇಲೆ ಯಾವತ್ತೂ ಅವನ ಹೆಸರಿರಲಿಲ್ಲ. ಅದಕ್ಕೇ ಮುಚ್ಚಳಕ್ಕೆ ಅಂಗಡಿಯ ಬಣ್ಣ ಬಳಿಯದೆ, ಬೊಂಬೆಗೆ ಹಾಕುವ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹಚ್ಚಿದ್ದ.

ಮೊದಲ ಸಲ ಕಲೆ ಬಿದ್ದಾಗ ಹೋಟೆಲಿನವರು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆಂದು ಅವರನ್ನೇ ಬೈದು, ಎಲ್ಲ ಕೆರೆದು, ಮತ್ತೆ ಅರಗೇ ಹಚ್ಚಿ ಕಳಿಸಿದ. ಎಷ್ಟು ಸಾವಿರ ಮಕ್ಕಳು ಇದೇ ಅರಗಿನ ಬೊಂಬೆಯನ್ನು ಬಾಯಲ್ಲಿ ಚೀಪಿ ಜೊಲ್ಲು ಸುರಿಸಿಲ್ಲ! ಮಕ್ಕಳ ಜೊಲ್ಲಿಗೆ ಜಗ್ಗದ್ದು ಮೀನಿನ ನೀರಿಗೆ ಜಗ್ಗುತ್ತದೆಯೇ? ಜಗ್ಗಿತು. ಬೊಂಬೆ ಒದ್ದೆಯಾದರೂ ಆಮೇಲೆ ಒಣಗುತ್ತದೆ. ಈ ಮುಚ್ಚಳಕ್ಕೆ ಒಣಗಲು ಪುರುಸೊತ್ತೆಲ್ಲಿ? ಕೆಳಗೆ ನೀರು, ಒಳಗೆ ದಿನವಿಡೀ ಉರಿಯುವ ಲೈಟು, ಹೊರಗೆ ಇಡ್ಲಿಯ ಹಬೆ. ಸಾಲದ್ದಕ್ಕೆ ಒಳಮೈಗೆ ಅವನು ಏನನ್ನೂ ಹಚ್ಚಿರಲಿಲ್ಲ. ಬೊಂಬೆಯ ಒಳಮೈ ನೋಡುವವರು ಯಾರು? ನಲವತ್ತು ವರ್ಷದ ರೂಢಿ.

ಮಾರನೆಯ ದಿನ ರಾಮನಗರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೂರು ಥರದ್ದು ತಂದ. ವಾರ್ನಿಷ್, ಎನಾಮಲ್ ಪೇಂಟು, ಮತ್ತೆ ಎರಡು ಡಬ್ಬದ್ದನ್ನು ಬೆರೆಸಿ ಹಚ್ಚುವ ಪಿಯು ಎಂಬ ಪಾಲಿಶ್. ಅಂಗೈಯಗಲದ ನಾಲ್ಕು ಹಲಗೆ ಕೊಯ್ದು ಮೂರಕ್ಕೆ ಮೂರು ಹಚ್ಚಿದ. ನಾಲ್ಕನೆಯದಕ್ಕೆ ಅರಗು. ಹಾಳಾದ ಮನಸ್ಸು, ಇನ್ನೂ ಬಿಟ್ಟಿರಲಿಲ್ಲ. ನಾಲ್ಕೂ ಒಣಗಿದ ಮೇಲೆ ಬಚ್ಚಲುಮನೆಯ ಹಂಡೆಯ ಬಾಯಿಗೆ ಎರಡು ಕೋಲು ಅಡ್ಡವಿಟ್ಟು, ಕಾಯುವ ನೀರಿನ ಹಬೆ ತಾಗುವಂತೆ ಮೇಲೆ ಸಾಲಾಗಿ ಜೋಡಿಸಿದ.

ಬೆಳಿಗ್ಗೆ ನೀರು ತೋಡಲು ಹೋದ ಹೆಂಡತಿ ವೆಂಕಟಲಕ್ಷ್ಮಮ್ಮ ಅಲ್ಲಿಂದಲೇ ಕೂಗಿದಳು.

"ಹಂಡೆ ಮ್ಯಾಲೆ ಇದೇನ್ ಹಪ್ಪಳ ಒಣಗಾಕಿದ್ದೀರಾ? ನಾನ್ ಮೀಯೋದೋ ಬ್ಯಾಡ್ವೋ?"

"ಹತ್ ದಿನ ತಡ್ಕಳೇ. ತೋಡ್ಕಂಡು ಹಂಗೇ ಇಟ್ಬುಡು."

"ನಿಮ್ ಮೀನಿನ ಮನೆ ಹಾಳಾಗ!" ಎಂದಳು. ಆದರೂ ಹತ್ತು ದಿನವೂ ತೆಗೆದು, ತೋಡಿ, ಮತ್ತೆ ಅದೇ ಸಾಲಿನಲ್ಲಿ ಇಟ್ಟಳು.

ಅರಗು ಎರಡನೇ ಬೆಳಿಗ್ಗೆಯೇ ಬೆಳ್ಳಗಾಯಿತು. ವಾರ್ನಿಷ್ ಬೆರಳಿಗೆ ಅಂಟತೊಡಗಿತು. ಎನಾಮಲ್ ಮೇಲೆಲ್ಲ ಚೆನ್ನಾಗಿದ್ದು ಅಂಚಿನಲ್ಲಿ ಗುಳ್ಳೆಯೆದ್ದಿತು. ಪಿಯು ಮಾತ್ರ ಹತ್ತು ದಿನ ಬೆಂದರೂ ಮಿಸುಕಲಿಲ್ಲ. ಚೆಲುವಯ್ಯ ಅದನ್ನು ತಿರುವಿ ಮುರುವಿ ನೋಡಿದ. ಖುಷಿಯಾಗಬೇಕಿತ್ತು, ಆಗಲಿಲ್ಲ. ಅರಗಿನ ಹಲಗೆಯನ್ನು ಸೌದೆ ರಾಶಿಗೆ ಎಸೆದು ಎದ್ದುಬಂದ.

ಹೊಸ ಮುಚ್ಚಳ ಮಾಡಿದ. ಒಳಗೆ, ಹೊರಗೆ, ಸ್ಕ್ರೂ ಹೋಗುವ ತೂತಿಗೂ ಬಿಡದೆ ಪಿಯು ಹಚ್ಚಿದ. ಕೊಯ್ದ ಅಂಚಿಗೆ ಮೂರು ಮೂರು ಸಲ. ಆ ವಾಸನೆಗೆ ತಲೆ ಸಿಡಿಯಿತು, ಭುಜ ಎತ್ತಲಾಗದಷ್ಟು ನೋಯಿತು. ಪ್ರಕಾಶ್ ದಿನಾ ಫೋನ್ ಮಾಡಿದ. ವಾಸನೆ ಪೂರ್ತಿ ಹೋಗದೆ ಕೊಟ್ಟರೆ ಮೀನು ಸತ್ತಾವು ಎಂದು ಇವನು ಎರಡು ವಾರ ಮುಚ್ಚಳವನ್ನು ಗಾಳಿಗೆ ಬಿಟ್ಟು ಆಮೇಲೆ ಕಳಿಸಿದ.

ಮಳೆಗಾಲವೆಲ್ಲ ಕಳೆದ ಮೇಲೆ ಪ್ರಕಾಶ್ ಅವನನ್ನು ಬಿಡದಿಯ ಹೋಟೆಲಿಗೇ ಕರೆಸಿಕೊಂಡ. ಮುಚ್ಚಳ ಇಟ್ಟ ದಿನ ಹೇಗಿತ್ತೋ ಹಾಗೇ ಇತ್ತು, ಒಂದು ಕಲೆಯಿಲ್ಲ.

"ಏನ್ ಫಿನಿಶಿಂಗ್ ಅಣ್ಣ! ಕಂಪ್ನಿ ಮಾಲ್ ತರಾನೇ ಐತೆ. ಕೈಯಲ್ ಮಾಡಿದ್ದು ಅಂದ್ರೆ ಒಬ್ರೂ ನಂಬಲ್ಲ ಕಣಣ್ಣ. ಇಂಥವೇ ಇನ್ನೂ ಹತ್ತು ಮಾಡ್ಕೊಡು."

"ಆಯ್ತು ಕಣಪ್ಪ," ಎಂದ ಚೆಲುವಯ್ಯ. ಗೋಡೆಯ ಪಕ್ಕ ಕೂತವರು ಇಡ್ಲಿ ತಿನ್ನುತ್ತ ಮೀನು ನೋಡುತ್ತಿದ್ದರು. ಮುಚ್ಚಳದ ಕಡೆ ಯಾರ ಕಣ್ಣೂ ಹೋಗಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವನಿಗೆ ಎರಡು ದಿನದ ಕೆಲಸ ಮಾಡಿದಷ್ಟು ಸುಸ್ತಾಗಿತ್ತು.

ವೆಂಕಟಲಕ್ಷ್ಮಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಏನಂದ ಆವಯ್ಯ?"

"ಚೆಂದಾಗೈತಂತೆ. ಇನ್ನೂ ಹತ್ತು ಬೇಕಂತೆ."

"ಮತ್ಯಾಕೆ ಮಕ ಹಿಂಗೈತೆ?"

ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಅವಳು ಮುಚ್ಚಳ ಕಳೆದುಹೋಗಿದ್ದ ಸಾಸಿವೆ ಡಬ್ಬಿಯ ಮೇಲಿಂದ ಏನನ್ನೋ ಎತ್ತಿ ಪಕ್ಕಕ್ಕಿಟ್ಟಳು. ಅಂಗೈಯಗಲದ ಕೆಂಪು ಹಲಗೆ. ಒಣ ಜಾಗದಲ್ಲಿ ಇದ್ದೂ ಇದ್ದೂ ಬಿಳುಪು ಮುಕ್ಕಾಲು ಪಾಲು ಮಾಸಿ, ಅರಗು ಮತ್ತೆ ಮಿನುಗುತ್ತಿತ್ತು.

"ಇದು ಸೌದೆಗ್ ಹಾಕಿದ್ದಲ್ವೇನೇ?"

"ಉರಿಸೋಕೆ ಮನ್ಸು ಬರ್ನಿಲ್ಲ, ಇಟ್ಕಂಡೆ. ಮೊನ್ನೆ ಪಕ್ಕದ್ಮನೆ ದೊಡ್ಡಲಕ್ಷ್ಮಮ್ಮ ಕಾಫಿಪುಡಿ ಕೇಳಕ್ ಬಂದೋಳು ಇದ್ನ ಕೈಗೆ ತಕ್ಕಂಡು ನೋಡಿದ್ದೂ ನೋಡಿದ್ದೇ. ಯಾರ ಕೈ ಕೆಲ್ಸ ಅಕ್ಕ ಇದು ಅಂದ್ಲು."

ಚೆಲುವಯ್ಯ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟ.

"ನೀನೇನಂದೆ?"

"ಏನಂತಾರೆ? ನಮ್ಮನೆಯವ್ರದು ಅಂದೆ," ಎಂದು ಅವಳು ಸಾಸಿವೆ ಡಬ್ಬಿಯ ಮೇಲೆ ಹಲಗೆಯನ್ನು ಮತ್ತೆ ಮುಚ್ಚಿದಳು.