ಅಮ್ಮನ ಬೆನ್ನಿನ ಕಾವಿ

ಲೇಸರ್ ಚಿಕಿತ್ಸೆಗೆಂದು ಅಮ್ಮನ ಸೆರಗು ಸರಿಸಿದವಳು ಬೆಚ್ಚಿದೆ. ಬೆನ್ನ ತುಂಬ ಕೆಂಪು ಕಾವಿ. ಸರ್ಪಸುತ್ತು ಮಾಸಿ ವರ್ಷವಾದರೂ ನರದ ಉರಿ, ತುರಿಕೆ ಅವಳನ್ನು ಬಿಟ್ಟಿರಲಿಲ್ಲ. ನಮ್ಮೂರು ಸಿರುಮುಗೈಯಿಂದ ಕೊಯಮತ್ತೂರಿನ ಆಸ್ಪತ್ರೆಗೆ ಹೊರಡುವ ಮುನ್ನ ನನಗೆ ತಿಳಿಸದೆ, ಸರ್ಪಸುತ್ತಿಗೆ ನಮ್ಮ ಕಡೆ ಮಾಡುವ ರೂಢಿಯಂತೆ ಕುಂಬಾರರಿಂದ ಕಾವಿ ಬರೆಸಿಕೊಂಡಿದ್ದಳು.

ಇದನ್ನು ಒರೆಸದೆ ಲೇಸರ್ ಕೊಡಲಾಗದು ಎಂದು ಡಾಕ್ಟರು ತಮಿಳಿನಲ್ಲಿ ಹೇಳಿದರು. ಮೂರು ದಿನ ನೀರು ಸೋಕಬಾರದೆಂದು ಕುಂಬಾರರ ಕಟ್ಟಪ್ಪಣೆ. ಅಮ್ಮ ತುರಿಕೆ ತಾಳದೆ ಕುರ್ಚಿಗೆ ಬೆನ್ನು ತೀಡುತ್ತಲೇ, “ಒರ್ಸಮ್ಮಾ, ಕುಂಬಾರ್ರು ಬೈದ್ರೆ ಬೈಲಿ. ಈ ಅರಿಪ್ಪು ನಿಂತ್ರೆ ಸಾಕು” ಎಂದಳು.

ಒದ್ದೆ ಹತ್ತಿಯಿಂದ ಒರೆಸಿದೆ. ಕಾವಿಯಡಿ ಸಾಲುಸಾಲು ಗೀರುಗಳಿದ್ದವು. ನೇಯಲು ಕೂತಾಗ ಕೈಗೆಟುಕದ ಜಾಗವನ್ನು ಅವಳು ಮಗ್ಗದ ಲಾಳಿಯ ಮೊನೆಯಿಂದ ಕೆರೆದುಕೊಂಡಿದ್ದಳು.

ತುರಿಕೆ ಈಗ ತಗ್ಗಿದೆ. ಆದರೂ ಅಮ್ಮನ ಮಗ್ಗದ ಸದ್ದು ನಡುವೆ ನಿಂತರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಲಾಳಿ ಎಲ್ಲಿದೆಯೆಂದು ನೋಡುತ್ತೇನೆ.