ದನಿ ಬರಲಾರದ ಕೊರಳು

ನಾನು ಎಲ್ಲರನ್ನೂ ಅಣಕಿಸುವವನು. ಹಾಗಾಗಿ ಇದನ್ನು ಶುರುಮಾಡುವ ಮೊದಲೇ ಜನ ನಗುತ್ತಾರೆ. ನಗಲಿ... ಆದರೆ ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದಕ್ಷರವೂ ಇಲ್ಲ.

ನಮ್ಮ ಕಡೆಯ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಕ್ಕಿಆಲೂರಿನ ಒಂದು ದವಾಖಾನೆಯಲ್ಲಿ ನಾನು ಕಂಪೌಂಡರ್. ಡಾಕ್ಟರ್ ರಾಯರ ದನಿಯಲ್ಲಿ ಕೂಗಿ ಕಾವಲುಗಾರ ದ್ಯಾಮಣ್ಣನ ನಿದ್ದೆ ಕೆಡಿಸುವುದು ನನ್ನ ಮುಖ್ಯ ಕೆಲಸ. ಔಷಧ ಕಲಸುವುದು ಆಮೇಲೆ.

ಆ ಸಂಜೆ ಚಕ್ಕಡಿಯಲ್ಲಿ ಬಂದ ರೈತನ ಗಂಟಲು ಬಾತು ಮುಚ್ಚಿಹೋಗಿತ್ತು. ಮಾತಿರಲಿ, ಉಸಿರೂ ಸರಿಯಾಗಿ ಆಡುತ್ತಿರಲಿಲ್ಲ. ಹೆಂಡತಿ ಶಿವವ್ವ ರಾಯರ ಕಾಲು ಹಿಡಿದಳು. ರಾಯರು ಅವನ ಕೊರಳ ಮೇಲೆ ಬೆರಳಾಡಿಸಿದರು. ಕೋಳಿಯಂಥ ನನ್ನ ಕೊರಳ ಮೇಲೆ ಶಾಯಿಯಲ್ಲಿ ಗೆರೆ ಎಳೆದು ಅವರು ಕಲಿಸಿದ್ದ ಜಾಗವೇ ಅದು: ಉಬ್ಬಿದ ಎಲುಬು, ಕೆಳಗೆ ಎರಡು ಬೆರಳು, ಅಲ್ಲಿ ಉಸಿರಿನ ದಾರಿ. ಕೊಯ್ದು, ಒಂದರೊಳಗೊಂದು ಕೂರುವ ಲೋಹದ ನಳಿಗೆ ಇಟ್ಟರು. ಸುಯ್... ಗಾಳಿ ಆಡಿತು.

"ಉಸಿರು ಇನ್ನ ದನಿಪೆಟ್ಟಿಗಿ ಮುಟ್ಟೂದಿಲ್ಲೋ ಮಂಗ್ಯಾ. ಇವಗ ಕರೀಲಿಕ್ಕೆ ಬರೂದಿಲ್ಲ. ತಾಸಿಗೊಮ್ಮೆ ಒಳಗಿನ ನಳಿಗಿ ತಗದು ತೊಳಿ. ಮಲಗಿದ್ಯೋ, ಜೀವ ಹೋತು!"

"ಮಲಗೂದಿಲ್ಲೋ ಮಂಗ್ಯಾ" ಎಂದೆ, ಅವರದೇ ದನಿಯಲ್ಲಿ. ಬೈಯುತ್ತ ಪಕ್ಕದ ಹಳ್ಳಿಗೆ ಹೆರಿಗೆಗೆ ಹೋದರು.

ಫಿನಾಯಿಲ್ ವಾಸನೆ... ಕಂದೀಲಿನ ಹೊಗೆ... ಸುಯ್, ಸುಯ್. ಮೂರು ಸಲ ತೊಳೆದೆ. ನಾಲ್ಕನೆಯದಕ್ಕೆ ಕಣ್ಣು ಎಳೆಯಿತು.

"ತಮ್ಮಾ... ಏಳಪಾ..."

ದಪ್ಪನೆಯ, ತುಸು ಒಡೆದ ದನಿ. ದ್ಯಾಮಣ್ಣ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಕಂಬಳಿ ಎಳೆದೆ.

"ತಮ್ಮಾ... ನಳಿಗಿ..."

"ಛಲೋ ಕಲ್ತಿ ಬಿಡೋ ದ್ಯಾಮಣ್ಣಾ" ಎಂದು ನಿದ್ದೆಗಣ್ಣಲ್ಲೇ ನಕ್ಕೆ.

ಮೂರನೆಯ ಸಲ ಕಿವಿಯ ಪಕ್ಕದಲ್ಲೇ ಕೇಳಿತು. ಆದರೆ ಕಿವಿಗೆ ಉಸಿರು ತಾಗಲಿಲ್ಲ...

ಧಡಕ್ಕನೆ ಎದ್ದೆ. ಹೊರಗೆ ದ್ಯಾಮಣ್ಣನ ಗೊರಕೆ. ಒಳಗೆ ಸುಯ್ ಎನ್ನುವ ಸದ್ದೇ ಇಲ್ಲ.

ನಳಿಗೆ ಕಫದಿಂದ ಗಟ್ಟಿಯಾಗಿ ಕಟ್ಟಿತ್ತು. ತೆಗೆದೆ, ತೊಳೆದೆ, ಇಟ್ಟೆ. ಎದೆ ಒತ್ತಿದೆ. ಅವನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ರೆಪ್ಪೆ ಬಡಿಯಲಿಲ್ಲ. ಕೊರಳಿನ ಒಂದೊಂದು ಎಲುಬೂ ನನಗೆ ಗೊತ್ತಿತ್ತು. ಏನೂ ಮಾಡಲಾಗಲಿಲ್ಲ.

ಪಡಸಾಲೆಯಲ್ಲಿ ಮಲಗಿದ್ದ ಶಿವವ್ವ ಓಡಿಬಂದಳು. "ನಿನ್ನ ಯಾರೂ ಎಬ್ಬಿಸಲಿಲ್ಲೇನೋ ಯಪ್ಪಾ?"

"ಎಬ್ಬಿಸಿದ್ರಬೇ..." ಎಂದೆ. ಅಣಕಿಸುವ ಚಟ ಬಿಟ್ಟ ಬಾಯಿಯಲ್ಲವಲ್ಲ ಇದು, "ತಮ್ಮಾ... ಏಳಪಾ..." ಎಂದು ಅದೇ ಒಡೆದ ದನಿಯಲ್ಲಿ ಕರೆದುಬಿಟ್ಟಿತು.

ಅವಳ ಅಳು ನಿಂತಿತು. "ಅದು ನಮ್ಮವರ ದನಿ... ನೀ ಯಾವಾಗ ಕೇಳಿದ್ದಿ?"

ನಾನು ಕಂದೀಲಿನ ಬತ್ತಿ ಏರಿಸಿದೆ.

"ಎಷ್ಟ ಸಲ ಕರದ್ರು?"

"ಒಂದ... ಒಂದ ಸಲ" ಎಂದೆ.

ಈಗಲೂ ಸಂತೆಗೆ ಬಂದಾಗಲೆಲ್ಲ ಅವಳು ದವಾಖಾನೆಯ ಕಟ್ಟೆಗೆ ಬಂದು ಕೂರುತ್ತಾಳೆ. "ಇನ್ನೊಂದ ಸಲ ಅನ್ನಪಾ, ಕೇಳಿ ಹೋಗ್ತೇನಿ."

ಬಾಯಿ ತೆರೆಯುತ್ತೇನೆ. ಇಡೀ ತಾಲೂಕಿನ ದನಿ ಬರುವ ಈ ಕೊರಳಿಂದ ಆಗ ಬರುವುದು ಬರೀ ಗಾಳಿ...

ಸುಯ್.